ಮಗನ ಕಣ್ಣು ಹೋದದ್ದಕ್ಕೆ ತಾಯಿಯನ್ನು ದೂರಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುರವಣಿಯಲ್ಲಿ ಈಚೆಗೆ ಬಂದ ಆನುವಂಶಿಕ ಕಣ್ಣಿನ ಕಾಯಿಲೆಗಳ ಲೇಖನದಲ್ಲಿ ಎರಡು ಮಾತು ತಪ್ಪಾಗಿವೆ. ‘ಲೆಬರ್ ಕಾಯಿಲೆಗೆ ಈಗ ಜೀನ್ ಚಿಕಿತ್ಸೆ ಇದೆ’ ಎಂಬುದು ಒಂದು. ಇಂಥ ಕಾಯಿಲೆಗಳಿಗೆಲ್ಲ ಸಂಬಂಧದೊಳಗಿನ ಮದುವೆಯೇ ಕಾರಣ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ್ದು ಇನ್ನೊಂದು. ಆ ಪುಟವನ್ನು ಕತ್ತರಿಸಿಕೊಂಡು ಇಬ್ಬರು ನೆಂಟರು ನನ್ನ ತಂಗಿಯ ಮನೆಗೆ ಹೋದರು. ಒಬ್ಬರು ಚಿಕಿತ್ಸೆ ಇದ್ದರೂ ಮಗನಿಗೆ ಯಾಕೆ ಕೊಡಿಸಲಿಲ್ಲ ಎಂದು ಕೇಳಿದರು. ಇನ್ನೊಬ್ಬರು, ಮದುವೆಗೆ ಮೊದಲು ಕುಟುಂಬದ ಹಿನ್ನೆಲೆ ನೋಡಬೇಕಿತ್ತು ಎಂದರು. ಅವಳದು ಸಂಬಂಧದ ಮದುವೆಯೇ ಅಲ್ಲ. ಮೂರು ದಶಕ ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದವಳು ನಾನು. ಇದನ್ನು ಓದಿಯೂ ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ಪತ್ರ ಉದ್ದವಾದೀತು, ದಯವಿಟ್ಟು ಕತ್ತರಿಸದೆ ಪ್ರಕಟಿಸಿ.

ಮೊದಲು ಲೆಬರ್ ಹೆಸರಿನ ಗೊಂದಲ. ಥಿಯೋಡೋರ್ ಲೆಬರ್ ಹತ್ತೊಂಬತ್ತನೇ ಶತಮಾನದ ಜರ್ಮನಿಯ ಕಣ್ಣಿನ ವೈದ್ಯ. ಅವರ ಹೆಸರು ಹೊತ್ತ ಕಾಯಿಲೆಗಳು ಒಂದಕ್ಕಿಂತ ಹೆಚ್ಚಿವೆ. 1869ರಲ್ಲಿ ಅವರು ವಿವರಿಸಿದ್ದು ಹುಟ್ಟಿನಿಂದಲೇ ಮಕ್ಕಳ ದೃಷ್ಟಿ ಕೆಡಿಸುವ, ಅಕ್ಷಿಪಟಲದ (ಕಣ್ಣಿನ ಹಿಂಬದಿಯಲ್ಲಿ ಬೆಳಕು ಗ್ರಹಿಸುವ ಪರದೆಯ) ಕಾಯಿಲೆ. ಅದರಲ್ಲಿ ಹಲವು ಬಗೆಗಳಿವೆ. ಆರ್‌ಪಿಇ65 ಎಂಬ ಜೀನ್ ಕೆಟ್ಟಿರುವ ಒಂದು ಬಗೆಗೆ 2017ರಲ್ಲಿ ಅಮೆರಿಕದಲ್ಲಿ ಜೀನ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ನಿಮ್ಮ ಲೇಖಕರು ಹೇಳಿದ್ದು ಅದನ್ನೇ ಇರಬೇಕು. 1871ರಲ್ಲಿ ಲೆಬರ್ ವಿವರಿಸಿದ್ದು ಬೇರೆಯೇ ಕಾಯಿಲೆ. ಅದುವರೆಗೆ ಚೆನ್ನಾಗಿ ಕಾಣುತ್ತಿದ್ದ ಯುವಕರ ಕಣ್ಣಿನ ನರ ಕೆಲವೇ ವಾರಗಳಲ್ಲಿ ಸೋಲುವ, ಮನೆತನದಲ್ಲಿ ನಡೆದುಬರುವ ಕಾಯಿಲೆ ಅದು. ವೈದ್ಯರು ಅದನ್ನು ಎಲ್‌ಎಚ್‌ಒಎನ್ (ಲೆಬರ್ ಹೆರೆಡಿಟರಿ ಆಪ್ಟಿಕ್ ನ್ಯೂರೋಪತಿ) ಎನ್ನುತ್ತಾರೆ. ನನ್ನ ತಂಗಿಯ ಮಗನಿಗೆ ಬಂದದ್ದು ಇದು.

ಹುಡುಗ ಬಿ.ಕಾಂ. ಕೊನೆಯ ವರ್ಷದಲ್ಲಿದ್ದ. ಬಲಗಣ್ಣಿನಲ್ಲಿ ನಡುವೆ ಏನೋ ಹೊಗೆಯಂತೆ ಇದೆ ಎಂದ. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಕನ್ನಡಕದ ಅಂಗಡಿಯಲ್ಲಿ ಗಾಜು ಬದಲಿಸಿ ಕೊಟ್ಟರು. ಎರಡು ತಿಂಗಳೊಳಗೆ ಎಡಗಣ್ಣಿನ ನಡುವೆಯೂ ಅದೇ ಹೊಗೆ. ಅಂಗಳದ ದಾಸವಾಳವನ್ನು ನೋಡಿ, ‘ದೊಡ್ಡಮ್ಮ, ಇದು ಈಗ ಕೆಂಪಾಗಿದೆಯೇ?’ ಎಂದು ಕೇಳಿದ. ಅವನಿಗೆ ಅದು ಬೂದಿಯ ಬಣ್ಣದಲ್ಲಿ ಕಾಣುತ್ತಿತ್ತು.

ಈ ಕಾಯಿಲೆಯ ಕ್ರೂರವಾದ ಒಂದು ಗುಣವನ್ನು ಓದುಗರು ತಿಳಿದಿರಬೇಕು. ಇಲ್ಲಿ ಹೋಗುವುದು ನೋಟದ ನಡುಭಾಗ. ಅಂಚು ಉಳಿಯುತ್ತದೆ. ಎದುರು ಕುಳಿತವರ ಮುಖ ಅವನಿಗೆ ಕಾಣುವುದಿಲ್ಲ, ಅವರ ಕಾಲಿನ ಚಪ್ಪಲಿ ಕಾಣುತ್ತದೆ. ಪತ್ರಿಕೆಯ ತಲೆಬರಹ ಓದಲಾಗದವನು ಬಾವಿಕಟ್ಟೆಯನ್ನು ಬಳಸಿಕೊಂಡು, ಒಣಹಾಕಿದ ಅಡಿಕೆಯನ್ನು ತುಳಿಯದೆ ಮನೆಯೊಳಗೆ ಬರುತ್ತಾನೆ. ನೆಲಕ್ಕೆ ಬಿದ್ದ ನಾಣ್ಯವನ್ನು ಕತ್ತು ವಾರೆ ಮಾಡಿ ಹೆಕ್ಕಿಕೊಳ್ಳುತ್ತಾನೆ. ನೋಡಿದವರು ನಾಟಕ ಎಂದರು. ಪರೀಕ್ಷೆಗೆ ಹೆದರಿ ಹೀಗೆ ಮಾಡುತ್ತಾನೆ ಎಂದರು. ಅಂಗವಿಕಲರ ಪ್ರಮಾಣಪತ್ರಕ್ಕೆ ಹೋದಾಗಲೂ, ನಡೆದುಕೊಂಡು ಬಂದನಲ್ಲ ಎಂಬ ಮಾತು ಕೇಳಬೇಕಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕುರುಡುತನವನ್ನೂ ಮಂದದೃಷ್ಟಿಯನ್ನೂ ಬೇರೆಬೇರೆಯಾಗಿ ಗುರುತಿಸಿದೆ. ಎರಡಕ್ಕೂ ಅಳತೆ ಕೊಟ್ಟಿದೆ. ನಡೆದು ಬಂದವನಿಗೆ ಪ್ರಮಾಣಪತ್ರವಿಲ್ಲ ಎಂದು ಅದು ಎಲ್ಲಿಯೂ ಹೇಳುವುದಿಲ್ಲ.

ಒಂದು ಆಸ್ಪತ್ರೆಯಲ್ಲಿ ನರದ ಉರಿಯೂತ ಎಂದು ತಿಳಿದು ಸ್ಟೀರಾಯ್ಡ್ ಕೊಟ್ಟರು. ಇನ್ನೊಂದರಲ್ಲಿ ಬಿ12 ಕೊರತೆ ಎಂದರು. ವೈದ್ಯರನ್ನು ನಾನು ದೂರುವುದಿಲ್ಲ, ಆರಂಭದಲ್ಲಿ ಇವೆಲ್ಲ ಒಂದನ್ನೊಂದು ಹೋಲುತ್ತವೆ. ಆದರೆ ಮೂರನೆಯ ಕಡೆ ಒಬ್ಬ ಕಿರಿಯ ವೈದ್ಯೆ ದೀಪ ಬಿಟ್ಟು ನೋಡುವ ಮೊದಲೇ ತಂಗಿಯತ್ತ ತಿರುಗಿ, ‘ನಿಮ್ಮ ತವರಿನಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೀಗಾಗಿತ್ತೇ?’ ಎಂದು ಕೇಳಿದರು. ಆಗಿತ್ತು. ನಮ್ಮ ಸೋದರಮಾವ ಮುಂಬಯಿಯ ಹೋಟೆಲಿನಲ್ಲಿ ಗಲ್ಲಾದಲ್ಲಿದ್ದವರು, ನೋಟುಗಳ ಅಂಕಿ ಕಾಣದಂತಾಗಿ ಮೂವತ್ತಕ್ಕೆ ಮೊದಲೇ ಊರಿಗೆ ಮರಳಿದ್ದರು. ಊರಿನ ಅರ್ಧ ಜನ ಕುಡಿತದಿಂದ ಕಣ್ಣು ಹೋಯಿತು ಎಂದರು, ಉಳಿದರ್ಧ ನಾಗದೋಷ ಎಂದರು. ಆಶ್ಲೇಷಾ ಬಲಿಯೂ ಆಯಿತು. ಸೇವೆ ಮಾಡಿಸಿದ್ದಕ್ಕೆ ನನ್ನ ಆಕ್ಷೇಪವಿಲ್ಲ, ಅಜ್ಜಿಯ ಮನಸ್ಸಿಗೆ ಅದರಿಂದ ನೆಮ್ಮದಿ ಸಿಕ್ಕಿತ್ತು. ನನಗೆ ನೋವಾಗುವುದು, ಅವರು ಸಾಯುವವರೆಗೂ ಕುಡುಕ ಎಂಬ ಹೆಸರು ಹೊತ್ತೇ ಬದುಕಿದರಲ್ಲ ಎಂಬುದಕ್ಕೆ.

ಹುಡುಗನ ರಕ್ತ ಹೈದರಾಬಾದಿನ ಪ್ರಯೋಗಾಲಯಕ್ಕೆ ಹೋಯಿತು. ಬಂದ ವರದಿಯ ಪ್ರಕಾರ ಅವನ ಡಿಎನ್‌ಎಯಲ್ಲಿ ಒಂದು ಅಕ್ಷರದ ಬದಲಾವಣೆ ಇತ್ತು. ಆ ಒಂದು ಅಕ್ಷರ ಎಲ್ಲಿದೆ, ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅದು ಅರ್ಥವಾದರೆ ಮಿಕ್ಕದ್ದೆಲ್ಲ ಅರ್ಥವಾಗುತ್ತದೆ.

ಡಿಎನ್‌ಎ ಎಂದರೆ ದೇಹಕ್ಕೆ ಬೇಕಾದ ಸೂಚನೆಗಳನ್ನು ನಾಲ್ಕು ಬಗೆಯ ರಾಸಾಯನಿಕ ಅಕ್ಷರಗಳಲ್ಲಿ ಬರೆದಿಟ್ಟ ಎಳೆ, ಅದರಲ್ಲಿನ ಒಂದೊಂದು ಸೂಚನೆಯೇ ಒಂದು ಜೀನ್. ನಮ್ಮ ಡಿಎನ್‌ಎಯ ಬಹುಪಾಲು ಜೀವಕೋಶದ ಕೇಂದ್ರದಲ್ಲಿದೆ. ಅದರ ಅರ್ಧ ತಂದೆಯದು, ಅರ್ಧ ತಾಯಿಯದು. ಆದರೆ ಅನ್ನವನ್ನು ಶಕ್ತಿಯಾಗಿಸುವ ಮೈಟೊಕಾಂಡ್ರಿಯದೊಳಗೆ ಉಂಗುರದಂಥ ಒಂದು ಪುಟ್ಟ ಡಿಎನ್‌ಎ ಪ್ರತ್ಯೇಕವಾಗಿದೆ. ಅದರಲ್ಲಿ 16,569 ಅಕ್ಷರಗಳು, 37 ಜೀನ್‌ಗಳು. ಕೇಂಬ್ರಿಜ್‌ನ ವಿಜ್ಞಾನಿಗಳು 1981ರಲ್ಲಿ ಅದನ್ನು ಪೂರ್ತಿಯಾಗಿ ಓದಿ ಪ್ರಕಟಿಸಿದರು. ಆ 37ರಲ್ಲಿ ಪ್ರೋಟೀನ್ ತಯಾರಿಗೆ ಸೂಚನೆ ಕೊಡುವವು 13. ಅವುಗಳಲ್ಲಿ ಒಂದರ ಹೆಸರು ಎನ್‌ಡಿ4.

ಪ್ರೋಟೀನ್ ಎಂಬುದು ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರ. ಎನ್‌ಡಿ4 ಜೀನ್ ಕೊಡುವುದು 459 ಅಮೈನೋ ಆಮ್ಲಗಳ ಒಂದು ಪ್ರೋಟೀನ್. ಅದು ಎನ್‌ಎಡಿಎಚ್ ಡಿಹೈಡ್ರೋಜಿನೇಸ್ ಎಂಬ ಉಸಿರಾಟದ ಕಿಣ್ವದ (ಎಂಜೈಮಿನ) ಒಂದು ಭಾಗ. ಉಸಿರಾಟ ಎಂದರೆ ಇಲ್ಲಿ ಶ್ವಾಸಕೋಶದ್ದಲ್ಲ, ಆಮ್ಲಜನಕ ಬಳಸಿ ಜೀವಕೋಶ ಶಕ್ತಿ ಪಡೆಯುವ ಕೆಲಸ. ಆ ಕೆಲಸ ಮಾಡುವ ಕಿಣ್ವಗಳ ಸರಪಣಿಯಲ್ಲಿ ಈ ಕಿಣ್ವ ಮೊದಲನೆಯದು. ಆಹಾರದಿಂದ ಬಂದ ಎಲೆಕ್ಟ್ರಾನುಗಳನ್ನು ಅದು ತೆಗೆದುಕೊಂಡು ಮುಂದಕ್ಕೆ ದಾಟಿಸುತ್ತದೆ. ಪ್ರತಿ ಜೋಡಿ ಎಲೆಕ್ಟ್ರಾನಿಗೆ ನಾಲ್ಕು ಪ್ರೋಟಾನುಗಳನ್ನು ಮೈಟೊಕಾಂಡ್ರಿಯದ ಒಳಪೊರೆಯ ಆಚೆಗೆ ತಳ್ಳುತ್ತದೆ. ಎನ್‌ಡಿ4 ಇರುವುದು ಈ ಕಿಣ್ವದ, ಆ ಪೊರೆಯಲ್ಲಿ ಹುದುಗಿರುವ ತೋಳಿನಲ್ಲಿಯೇ, ಪ್ರೋಟಾನುಗಳನ್ನು ದಾಟಿಸುವ ಕೆಲಸದಲ್ಲಿ. ಈ ಕಿಣ್ವದಲ್ಲಿ ಒಟ್ಟು 45 ಭಾಗಗಳು. ಏಳಕ್ಕೆ ಮಾತ್ರ ಸೂಚನೆ ಮೈಟೊಕಾಂಡ್ರಿಯದ ಡಿಎನ್‌ಎಯಿಂದ, ಮಿಕ್ಕವಕ್ಕೆ ಕೇಂದ್ರದಿಂದ.

ಮೈಟೊಕಾಂಡ್ರಿಯದ ಡಿಎನ್‌ಎಯ 11778ನೇ ಸ್ಥಾನದಲ್ಲಿ ಗ್ವಾನಿನ್ ಎಂಬ ಅಕ್ಷರ ಇರಬೇಕಾದಲ್ಲಿ ಅಡೆನಿನ್ ಎಂಬ ಅಕ್ಷರ ಬಂದರೆ, ಎನ್‌ಡಿ4 ಪ್ರೋಟೀನಿನ 340ನೇ ಅಮೈನೋ ಆಮ್ಲ ಅರ್ಜಿನಿನ್ ಹೋಗಿ ಹಿಸ್ಟಿಡಿನ್ ಆಗುತ್ತದೆ. ಅಷ್ಟೇ ಬದಲಾವಣೆ. ಅಮೆರಿಕದ ಡಗ್ಲಸ್ ವ್ಯಾಲೇಸ್ ಮತ್ತು ಅವರ ಸಂಗಡಿಗರು ಇದನ್ನು 1988ರಲ್ಲಿ ಪ್ರಕಟಿಸಿದರು. ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿ ಒಂದೇ ಅಕ್ಷರ ಬದಲಾದರೂ ತಾಯಿಯಿಂದ ಮಕ್ಕಳಿಗೆ ಇಳಿದುಬರುವ ಕಾಯಿಲೆ ಉಂಟಾಗಬಹುದು ಎಂದು ಮೊದಲು ತೋರಿಸಿದ್ದು ಅದು. ನಾನು ಕಲಿಸುತ್ತಿದ್ದ ಕಾಲದಲ್ಲಿ ಮೈಟೊಕಾಂಡ್ರಿಯ ಒಂದು ಅಂಕದ ಪ್ರಶ್ನೆಯಾಗಿತ್ತು, ‘ಜೀವಕೋಶದ ಶಕ್ತಿಕೇಂದ್ರ’ ಎಂದು ಬರೆದರೆ ಮುಗಿಯಿತು. ಅಲ್ಲಿ ಡಿಎನ್‌ಎ ಇದೆ, ಅದು ತಾಯಿಯಿಂದ ಮಾತ್ರ ಬರುತ್ತದೆ, ಅದು ಕೆಟ್ಟರೆ ಮನುಷ್ಯನಿಗೆ ಏನಾಗುತ್ತದೆ ಎಂಬುದನ್ನು ಹತ್ತನೇ ತರಗತಿಯ ಕನ್ನಡ ಮಾಧ್ಯಮದ ಮಕ್ಕಳಿಗೂ ಹೇಳಬಹುದು. ಹೇಳಬೇಕು.

ಇಡೀ ದೇಹದಲ್ಲಿ ಇದೇ ಕಿಣ್ವ ಇರುವಾಗ ಕಣ್ಣಿನ ನರವೇ ಯಾಕೆ ಸೋಲುತ್ತದೆ? ಅಕ್ಷಿಪಟಲದಿಂದ ಮಿದುಳಿಗೆ ಹೋಗುವ ಎಳೆಗಳು ಒಂದು ಕಣ್ಣಿಗೆ ಹತ್ತು ಲಕ್ಷಕ್ಕೂ ಹೆಚ್ಚು. ಕಣ್ಣುಗುಡ್ಡೆಯೊಳಗೆ ಅವುಗಳಿಗೆ ಕೊಬ್ಬಿನ ಹೊದಿಕೆ ಇರುವುದಿಲ್ಲ. ಹೊದಿಕೆಯಿಲ್ಲದ ನರದಲ್ಲಿ ಸಂಕೇತ ಸಾಗಿಸಲು ಶಕ್ತಿ ಹೆಚ್ಚು ಬೇಕು. ಅದರಲ್ಲೂ ನೋಟದ ನಡುಭಾಗದಿಂದ ಬರುವ ಎಳೆಗಳು ತೀರ ಸಣ್ಣವು, ಅವು ಮೊದಲು ಕೈಬಿಡುತ್ತವೆ. ಆದ್ದರಿಂದಲೇ ಮುಖ ಕಾಣದೆ ಚಪ್ಪಲಿ ಕಾಣುವುದು.

ಈಗ ಮದುವೆಯ ವಿಚಾರಕ್ಕೆ ಬರುತ್ತೇನೆ. ಈ ಡಿಎನ್‌ಎ ಇಳಿದುಬರುವ ದಾರಿ ನಮ್ಮ ಕರಾವಳಿಯವರಿಗೆ ಸುಲಭವಾಗಿ ತಿಳಿಯಬೇಕು. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಕುಟುಂಬಗಳಲ್ಲಿ ಬಳಿ, ಅಂದರೆ ಗೋತ್ರದಂಥ ಕುಲದ ಗುರುತು, ಬರುವುದು ತಾಯಿಯಿಂದ. ಅಣ್ಣನಿಗೂ ತಂಗಿಗೂ ಒಂದೇ ಬಳಿ, ತಂಗಿಯ ಮಕ್ಕಳಿಗೂ ಅದೇ, ಅಣ್ಣನ ಮಕ್ಕಳಿಗೆ ಮಾತ್ರ ಅವರ ತಾಯಿಯ ಬಳಿ. ಮೈಟೊಕಾಂಡ್ರಿಯದ ಡಿಎನ್‌ಎ ಅಕ್ಷರಶಃ ಹೀಗೆಯೇ ಸಾಗುತ್ತದೆ. ಸೋದರಮಾವನಲ್ಲಿ ಇತ್ತು, ಆದರೆ ಅವರ ಮಕ್ಕಳಿಗೆ ಹೋಗಲಿಲ್ಲ. ನಮ್ಮ ತಾಯಿಯಲ್ಲಿ ಇತ್ತು, ನನ್ನಲ್ಲಿ ಇದೆ, ತಂಗಿಯಲ್ಲಿ ಇದೆ. ನನ್ನ ಮಗನಲ್ಲಿಯೂ ಇದೆ. ಅವನಿಗೆ ಇದುವರೆಗೆ ಕಣ್ಣು ಚೆನ್ನಾಗಿದೆ.

ಸಂಬಂಧದಲ್ಲಿ ಮದುವೆಯಾದರೆ ತಂದೆಯಿಂದಲೂ ತಾಯಿಯಿಂದಲೂ ಒಂದೇ ಕೆಟ್ಟ ಜೀನ್ ಮಗುವಿಗೆ ಸಿಗುವ ಸಂಭವ ಹೆಚ್ಚುತ್ತದೆ, ಇದು ನಿಜ. ಇದೇ ಉಸಿರಾಟದ ಕಿಣ್ವದ, ಕೇಂದ್ರದ ಡಿಎನ್‌ಎಯಿಂದ ಬರುವ ಭಾಗಗಳು ಕೆಟ್ಟಾಗ ಆ ಮಾತು ಅನ್ವಯಿಸುತ್ತದೆ, ಎಳೆಯ ಮಕ್ಕಳ ಕೆಲವು ಗಂಭೀರ ಕಾಯಿಲೆಗಳು ಹಾಗೆ ಬರುತ್ತವೆ. ಎನ್‌ಡಿ4ಕ್ಕೆ ಅದು ಅನ್ವಯಿಸುವುದಿಲ್ಲ. ಇಲ್ಲಿ ತಂದೆ ಯಾರು ಎಂಬುದರಿಂದ ಏನೂ ಬದಲಾಗುವುದಿಲ್ಲ. ಹಳೇ ಮೈಸೂರು ಕಡೆ ಅಕ್ಕನ ಮಗಳನ್ನು ಮದುವೆಯಾಗುವ ರೂಢಿ ಇದೆ. ಅಂಥ ಮನೆಯಲ್ಲಿ ಈ ಕಾಯಿಲೆ ಕಂಡರೆ ಎಲ್ಲರ ಬೆರಳೂ ಆ ಮದುವೆಯತ್ತ ತಿರುಗುತ್ತದೆ. ಆ ಹುಡುಗಿ ಸೋದರಮಾವನನ್ನು ಬಿಟ್ಟು ಕಾಣದ ಊರಿನ ಯಾರನ್ನು ಮದುವೆಯಾಗಿದ್ದರೂ ಅವಳ ಮಕ್ಕಳಿಗೆ ಅದೇ ಡಿಎನ್‌ಎ ಬರುತ್ತಿತ್ತು. ಕಣ್ಣು ಕಳೆದುಕೊಂಡ ಸೋದರಮಾವ ಹೊರಗಿನ ಹೆಣ್ಣನ್ನು ಮದುವೆಯಾಗಿದ್ದರೆ ಅವನ ಮಕ್ಕಳಿಗೆ ಭಯವೇ ಇರುತ್ತಿರಲಿಲ್ಲ. ನನ್ನ ತಂಗಿಯ ಮಗನಿಗೆ ಇದನ್ನು ವಿವರಿಸಿ ಹೇಳಿದಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ. ಮಕ್ಕಳಿಗೆ ಬರುತ್ತದೆಂದು ಮದುವೆಯ ಯೋಚನೆಯನ್ನೇ ಬಿಟ್ಟಿದ್ದನಂತೆ. ಯಾವ ಆಸ್ಪತ್ರೆಯಲ್ಲಿಯೂ ಒಬ್ಬರೂ ಅವನಿಗೆ ಈ ಒಂದು ಮಾತು ಹೇಳಿರಲಿಲ್ಲ.

ತಂಗಿಗೆ ಹೇಳುವುದು ಕಷ್ಟವಾಯಿತು. ‘ಅಕ್ಕ, ನನ್ನಿಂದ ಬಂದದ್ದು ಎಂದರೆ ನಾನೇ ಕೊಟ್ಟ ಹಾಗಲ್ಲವೇ?’ ಎಂದಳು. ಅವಳ ಗಂಡನ ಮನೆಯವರು ಅದನ್ನೇ ಬೇರೆ ದನಿಯಲ್ಲಿ ಹೇಳುತ್ತಿದ್ದರು. ತಾಯಿ ತನ್ನ ಅಂಡದಲ್ಲಿ ಏನಿದೆ ಎಂದು ಆರಿಸಿ ಕೊಡುವುದಿಲ್ಲ. ಅವಳಿಗೆ ಅದು ತನ್ನ ತಾಯಿಯಿಂದ ಬಂತು, ಆ ತಾಯಿಗೆ ಇನ್ನೊಬ್ಬ ತಾಯಿಯಿಂದ. ಆ ಮಗುವಿನ ಹೃದಯ, ಸ್ನಾಯು, ಮಿದುಳು ಇಂದಿಗೂ ನಡೆಯುತ್ತಿರುವುದು ಅದೇ ತಾಯಿ ಕೊಟ್ಟ ಮೈಟೊಕಾಂಡ್ರಿಯದ ಬಲದಿಂದ. ದೂರುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ತಂಗಿಯ ಮಗಳಿಗೆ ನಿಶ್ಚಯವಾಗಿದ್ದ ಸಂಬಂಧ ಈ ಕಾರಣಕ್ಕೇ ತಪ್ಪಿತು. ಅಲ್ಲಿ ನಾನು ಸುಳ್ಳು ಹೇಳಲಿಲ್ಲ, ಹೇಳಬಾರದು. ಆ ಹುಡುಗಿಯಲ್ಲಿ ಬದಲಾವಣೆ ಇದೆ, ಅವಳ ಮಕ್ಕಳಿಗೂ ಬರುತ್ತದೆ. ಆದರೆ ಬದಲಾವಣೆ ಇರುವುದು ಬೇರೆ, ಕಣ್ಣು ಹೋಗುವುದು ಬೇರೆ. ಕಾಯಿಲೆ ಕಂಡ ಮನೆತನಗಳನ್ನು ನೋಡಿ ವೈದ್ಯರು ಬಹುಕಾಲ ಹೇಳುತ್ತಿದ್ದದ್ದು, ಬದಲಾವಣೆ ಇರುವ ಗಂಡಸರಲ್ಲಿ ಅರ್ಧದಷ್ಟು, ಹೆಂಗಸರಲ್ಲಿ ಹತ್ತಕ್ಕೆ ಒಬ್ಬರು ದೃಷ್ಟಿ ಕಳೆದುಕೊಳ್ಳುತ್ತಾರೆ ಎಂದು. ಆಸ್ಟ್ರೇಲಿಯಾದ ಕುಟುಂಬಗಳನ್ನು ಕೂಲಂಕಷವಾಗಿ ಲೆಕ್ಕ ಹಾಕಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದು ಗಂಡಸರಲ್ಲಿ ಶೇ 17.5, ಹೆಂಗಸರಲ್ಲಿ ಶೇ 5.4 ಎಂದು ಬಂದಿದೆ. ಅಂದರೆ ಹೆಚ್ಚಿನವರ ಕಣ್ಣು ಉಳಿಯುತ್ತದೆ. ಇಷ್ಟನ್ನು ಕುಳಿತು ವಿವರಿಸಿ ಹೇಳುವ ಆಪ್ತಸಲಹೆಗಾರರು ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಇರಬೇಕಿತ್ತು. ಆ ಗಂಡಿನ ಮನೆಯವರಿಗೆ ಹೇಳಲು ನಾನೇ ಹೋದೆ, ಹುಡುಗಿಯ ದೊಡ್ಡಮ್ಮ ಎಂಬ ಕಾರಣಕ್ಕೆ ನನ್ನ ಮಾತು ಅವರಿಗೆ ಹಿಡಿಸಲಿಲ್ಲ.

ಕಣ್ಣು ಉಳಿಯುವವರಿಗೂ ಹೋಗುವವರಿಗೂ ವ್ಯತ್ಯಾಸ ಮಾಡುವ ಕಾರಣಗಳಲ್ಲಿ ಒಂದು ನಮ್ಮ ಕೈಯಲ್ಲೇ ಇದೆ. ಯುರೋಪಿನ 125 ಕುಟುಂಬಗಳ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಆ ಮನೆತನಗಳಲ್ಲಿ ಬದಲಾವಣೆಯೂ ಇದ್ದು ಧೂಮಪಾನವೂ ಮಾಡುವ ಗಂಡಸರಲ್ಲಿ ಶೇ 93 ಮಂದಿಗೆ ದೃಷ್ಟಿ ಹೋಗಿತ್ತು. ಅತಿಯಾದ ಕುಡಿತವೂ ಅಪಾಯ ಹೆಚ್ಚಿಸುವಂತೆ ಕಂಡಿತ್ತು. ನನ್ನ ತಂಗಿಯ ಮಗ ಬೀಡಿ ಸಿಗರೇಟು ಮುಟ್ಟಿದವನಲ್ಲ, ಆದರೂ ಬಂತು. ಆದ್ದರಿಂದ ಕಣ್ಣು ಹೋದವನ ಚಟ ಹುಡುಕುವುದು ನನ್ನ ಉದ್ದೇಶವಲ್ಲ. ಇನ್ನೂ ಕಣ್ಣು ಇರುವವರಿಗೆ ಹೇಳಬೇಕು. ನನ್ನ ಚಿಕ್ಕಮ್ಮನ ಮಗಳಿಗೆ ಇಬ್ಬರು ಗಂಡುಮಕ್ಕಳು, ಹಿರಿಯನಿಗೆ ಬಂದರಿನಲ್ಲಿ ದೋಣಿಯ ಕೆಲಸ. ವರದಿಯ ಪ್ರತಿ ಹಿಡಿದು ಅವನ ಹತ್ತಿರ ಹೋದೆ. ಸಿಗರೇಟಿನ ಪೊಟ್ಟಣವನ್ನು ನನ್ನ ಕೈಗೇ ಕೊಟ್ಟುಬಿಟ್ಟ. ಈಗಲೂ ಸೇದುತ್ತಿಲ್ಲ ಎಂದು ಅವನ ಹೆಂಡತಿ ಹೇಳುತ್ತಾಳೆ. ಒಂದು ರಕ್ತಪರೀಕ್ಷೆಯಿಂದ ಒಬ್ಬ ರೋಗಿಗಷ್ಟೇ ಅಲ್ಲ, ಅವನ ತಾಯಿಯ ಕಡೆಯ ಎಲ್ಲ ಹುಡುಗರಿಗೂ ಉಪಯೋಗ ಇದೆ ಎಂದು ನಾನು ಹೇಳುವುದು ಇದಕ್ಕೇ. ಕ್ಷಯಕ್ಕೆ ಕೊಡುವ ಎಥಾಂಬುಟಾಲ್ ಕಣ್ಣಿನ ನರಕ್ಕೆ ತೊಂದರೆ ಕೊಡಬಲ್ಲದು. ಈ ಬದಲಾವಣೆ ಇರುವವರು ಕ್ಷಯದ ಚಿಕಿತ್ಸೆಗೆ ಮೊದಲೇ ವೈದ್ಯರಿಗೆ ಅದನ್ನು ತಿಳಿಸಬೇಕು. ಮಾತ್ರೆಯನ್ನು ತಾವಾಗಿ ಬಿಡಬಾರದು.

ಚಿಕಿತ್ಸೆಯ ವಿಚಾರದಲ್ಲಿ ಇಲ್ಲದ ಆಸೆ ಹುಟ್ಟಿಸಬೇಡಿ ಎಂದು ಬೇಡಿಕೊಳ್ಳುತ್ತೇನೆ. ಐಡೆಬೆನೋನ್ ಎಂಬ ಮಾತ್ರೆಗೆ ಯುರೋಪಿನಲ್ಲಿ 2015ರಲ್ಲಿ ವಿಶೇಷ ಸಂದರ್ಭದ ಒಪ್ಪಿಗೆ ಸಿಕ್ಕಿದೆ. ಕೆಲವರಿಗೆ ಸ್ವಲ್ಪ ನೋಟ ಮರಳುತ್ತದೆ, ಎಲ್ಲರಿಗೂ ಅಲ್ಲ. ಎನ್‌ಡಿ1 ಮತ್ತು ಎನ್‌ಡಿ6 ಜೀನ್‌ಗಳ ಬದಲಾವಣೆಯಿಂದಲೂ ಇದೇ ಕಾಯಿಲೆ ಬರುತ್ತದೆ. ಎನ್‌ಡಿ6ರಲ್ಲಿ 14484ನೇ ಸ್ಥಾನದ ಬದಲಾವಣೆ ಇದ್ದವರಿಗೆ ದೃಷ್ಟಿ ತಾನಾಗಿ ಮರಳುವ ಸಂಭವ ಹೆಚ್ಚು, ನಮ್ಮ 11778ರಲ್ಲಿ ಬಹಳ ಕಡಿಮೆ. ಎನ್‌ಡಿ4ಕ್ಕೂ ಜೀನ್ ಚಿಕಿತ್ಸೆಯ ಪ್ರಯೋಗಗಳು ನಡೆದಿವೆ. ಮೈಟೊಕಾಂಡ್ರಿಯದೊಳಕ್ಕೆ ನೇರವಾಗಿ ಜೀನ್ ಸೇರಿಸುವುದು ಬಹಳ ಕಷ್ಟ. ಆದ್ದರಿಂದ ಸರಿಯಾದ ಎನ್‌ಡಿ4 ಜೀನನ್ನು ವೈರಸ್ ಮೂಲಕ ಜೀವಕೋಶದ ಕೇಂದ್ರಕ್ಕೆ ಸೇರಿಸಿ, ತಯಾರಾದ ಪ್ರೋಟೀನು ಮೈಟೊಕಾಂಡ್ರಿಯವನ್ನು ಹುಡುಕಿಕೊಂಡು ಹೋಗುವಂತೆ ಅದಕ್ಕೊಂದು ಗುರುತು ಅಂಟಿಸುತ್ತಾರೆ. ಕೇಂದ್ರದಲ್ಲಿ ‘ನಿಲ್ಲಿಸು’ ಎಂಬ ಅರ್ಥ ಕೊಡುವ ಟಿಜಿಎ ಎಂಬ ಮೂರಕ್ಷರ ಮೈಟೊಕಾಂಡ್ರಿಯದಲ್ಲಿ ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲವನ್ನು ಸೂಚಿಸುತ್ತದೆ. ಹಾಗಾಗಿ ಆ ಜೀನನ್ನು ಕೇಂದ್ರಕ್ಕೆ ತಿಳಿಯುವಂತೆ ತಿದ್ದಿ ಬರೆಯಬೇಕಾಯಿತು. ಒಂದು ಕಣ್ಣಿಗೆ ಔಷಧ ಚುಚ್ಚಿ ಇನ್ನೊಂದನ್ನು ಹೋಲಿಕೆಗೆ ಬಿಟ್ಟರೆ ಎರಡೂ ಕಣ್ಣುಗಳು ಒಂದಿಷ್ಟು ಸುಧಾರಿಸಿದವು. ವಿಜ್ಞಾನಿಗಳೇ ಬೆರಗಾದರು, ಆದರೆ ಹೋಲಿಸಿ ನೋಡಲು ಚಿಕಿತ್ಸೆಯಿಲ್ಲದ ಕಣ್ಣೇ ಉಳಿಯಲಿಲ್ಲ. ಯುರೋಪಿನಲ್ಲಿ ಒಪ್ಪಿಗೆಗೆ ಹಾಕಿದ ಅರ್ಜಿಯನ್ನು ಕಂಪನಿ 2023ರಲ್ಲಿ ಹಿಂತೆಗೆದುಕೊಂಡಿತು. ಆ ಸಂಶೋಧನೆ ಗೆಲ್ಲಲಿ ಎಂದು ನನ್ನಷ್ಟು ಹಾರೈಸುವವರು ಕಡಿಮೆ.

ಹುಡುಗ ಮೊಬೈಲಿನ ಓದಿ ಹೇಳುವ ತಂತ್ರಾಂಶ ಕಲಿತು ಪದವಿ ಮುಗಿಸಿದ್ದಾನೆ, ಬ್ಯಾಂಕ್ ಪರೀಕ್ಷೆಗೆ ತಯಾರಾಗುತ್ತಿದ್ದಾನೆ. ಬರವಣಿಗೆಗೆ ಸಹಾಯಕನನ್ನು ಪಡೆಯುವ ಹಕ್ಕು ಅವನಿಗಿದೆ ಎಂಬುದನ್ನು ಕಾಲೇಜಿಗೆ ತಿಳಿಸಿ ಒಪ್ಪಿಸಲು ಮಾತ್ರ ಒಂದು ಇಡೀ ಸೆಮಿಸ್ಟರ್ ಹಿಡಿಯಿತು.

ಸರ್ಕಾರದ ಕಣ್ಣಿನ ವಿಭಾಗಗಳಿಗೆ ನನ್ನ ವಿನಂತಿ ಇಷ್ಟು. ಹದಿನೈದರಿಂದ ಮೂವತ್ತೈದರ ಹುಡುಗನೊಬ್ಬ ನೋವಿಲ್ಲದೆ ಒಂದಾದ ಮೇಲೊಂದು ಕಣ್ಣಿನ ನಡುನೋಟ ಕಳೆದುಕೊಂಡು ಬಂದರೆ, ತಾಯಿಯ ಕಡೆಯ ವಿಚಾರ ಕೇಳಿ. ಸ್ಟೀರಾಯ್ಡಿಗೆ ಬಗ್ಗದಿದ್ದರೆ ಮೈಟೊಕಾಂಡ್ರಿಯದ ಮೂರು ಮುಖ್ಯ ಬದಲಾವಣೆಗಳ ಪರೀಕ್ಷೆಗೆ ರಕ್ತ ಕಳುಹಿಸಿ. ಬಡವರಿಗೆ ಅದು ಉಚಿತವಾಗಿ ಆಗುವಂತೆ ಆರೋಗ್ಯ ಇಲಾಖೆ ಏರ್ಪಾಡು ಮಾಡಲಿ.

ಇದನ್ನು ಓದುತ್ತಿರುವವರ ಮನೆಯಲ್ಲಿ ಇಂಥ ಹುಡುಗನಿದ್ದರೆ, ಆಸ್ಪತ್ರೆಗೆ ಹೋಗುವ ಮುನ್ನ ಒಂದು ಹಾಳೆಯಲ್ಲಿ ಅವನ ತಾಯಿ, ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ಸೋದರಮಾವಂದಿರು ಮತ್ತು ಆ ಹೆಂಗಸರ ಮಕ್ಕಳ ಹೆಸರು ಬರೆಯಿರಿ. ಯಾರಿಗೆ ಯಾವ ವಯಸ್ಸಿನಲ್ಲಿ ಕಣ್ಣು ಮಂದವಾಯಿತು ಎಂಬುದನ್ನು ಹೆಸರಿನ ಪಕ್ಕದಲ್ಲಿ ಗುರುತು ಹಾಕಿ. ಕುಡುಕ ಎಂದು ಊರು ಬದಿಗಿಟ್ಟವರ ಹೆಸರನ್ನೂ ಬಿಡದೆ ಸೇರಿಸಿ. ಆ ಹಾಳೆಯನ್ನು ವೈದ್ಯರ ಕೈಗೆ ಕೊಡಿ.

ಇತಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ,
ಕುಂದಾಪುರ